ಹಳೇ ಮನೆ, ಹಳೇ ವೈರು, ಹೊಸ ಏಸಿ: ಮಾಟುಂಗಾದ ಮನೆಗೆ ಏನು ಮಾಡಲಿ?

ಗಾರ್ಡನ್ ಪಕ್ಕದವ, ಮಾಟುಂಗಾ | ಏಪ್ರಿಲ್ 5, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಕಥೆ, ಕಾಫಿ ಪಕ್ಕದಲ್ಲಿ ಇಟ್ಟುಕೊಂಡು ಓದಿ.

ಮುಂಬಯಿಯ ಮಾಟುಂಗಾದಲ್ಲಿ, ಫೈವ್ ಗಾರ್ಡನ್ಸ್ ಹತ್ತಿರ ನಮ್ಮದು ಪಗಡಿ ಮನೆ, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ತಲೆಮಾರುಗಟ್ಟಲೆ ಇರುವಂಥದ್ದು. ಅಜ್ಜ ಉಡುಪಿಯಿಂದ ಬಂದು ಹಿಡಿದದ್ದು. ಕಟ್ಟಡ 1940ಕ್ಕಿಂತ ಹಿಂದಿನದು. ಎರಡನೇ ಮಾಳಿಗೆ, ಹನ್ನೆರಡು ಅಡಿ ಎತ್ತರದ ಸೂರು, ಬಾಗಿಲುಗಳ ಮೇಲೆ ಗಾಳಿಕಿಂಡಿ, ಪಶ್ಚಿಮಕ್ಕೆ ಬಾಲ್ಕನಿ. ಆ ಬಾಲ್ಕನಿಯನ್ನು ಅಪ್ಪ 1994ರಲ್ಲಿ ಅಲ್ಯೂಮಿನಿಯಂ ಫ್ರೇಮ್ ಹಾಕಿಸಿ ಗಾಜಿನಿಂದ ಮುಚ್ಚಿಸಿದರು.

ಮಲಗುವ ಕೋಣೆಯಲ್ಲಿ 2011ರ ಕಿಟಕಿ ಏಸಿ ಇದೆ. ಒಂದೂವರೆ ಟನ್, ಆರ್-22 ಗ್ಯಾಸಿನದು. ಮೂರು ವರ್ಷದಿಂದ ಪ್ರತಿ ಮಾರ್ಚಿನಲ್ಲಿ ಮೆಕ್ಯಾನಿಕ್ ಬಂದು "ಗ್ಯಾಸ್ ಖಾಲಿ" ಎಂದು ತುಂಬಿಸಿ ಹೋಗುತ್ತಾನೆ. ಈ ಸಲ ಕಂಪ್ರೆಸರೇ ಹೋಗಿದೆ, ಬದಲಾಯಿಸಬೇಕು ಎನ್ನುತ್ತಿದ್ದಾನೆ.

ಅಮ್ಮನಿಗೆ 78 ವರ್ಷ. ಮೇ ತಿಂಗಳು ಮತ್ತು ಅಕ್ಟೋಬರಿನಲ್ಲಿ ರಾತ್ರಿ ನಿದ್ದೆಯೇ ಇಲ್ಲ. ಅದಕ್ಕೇ ಅವಸರ.

ರಿಪೇರಿ ಮಾಡಿಸಲೋ, ಹೊಸದು ತರಲೋ? ಸ್ಪ್ಲಿಟ್ ಹಾಕಿದರೆ ಈ ಹಳೇ ಗೋಡೆ ಔಟ್‌ಡೋರ್ ಯೂನಿಟ್ಟನ್ನು ಹೊರುತ್ತದಾ? ವೈರಿಂಗ್ ಇನ್ನೂ ಮರದ ಪಟ್ಟಿಯ ಮೇಲೆ ಹೋಗಿರುವಂಥದ್ದು, ಅದು ತಡೆಯುತ್ತದಾ? ಇನ್ನೊಂದು, ಹನ್ನೆರಡು ವರ್ಷದಿಂದ "ರೀಡೆವಲಪ್‌ಮೆಂಟ್ ಬರುತ್ತೆ ಬರುತ್ತೆ" ಎನ್ನುತ್ತಿದ್ದಾರೆ, ಅಂದರೆ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟುವುದು. ಈ ಮನೆಗೆ ದುಡ್ಡು ಸುರಿಯುವುದು ಸರಿಯಾ?

ಡೊಂಬಿವಲಿ ಫಾಸ್ಟ್ | ಏಪ್ರಿಲ್ 5, ರಾತ್ರಿ 11:02

ಭಂಗಾರ್‌ನವನಿಗೆ (ಗುಜರಿಯವನಿಗೆ) ಹಾಕಿ, ಐದು ಸ್ಟಾರಿನ ಇನ್ವರ್ಟರ್ ಸ್ಪ್ಲಿಟ್ ತನ್ನಿ, ಕಂಪ್ರೆಸರಿನ ವೇಗ ತಾನೇ ಏರಿಸಿ ಇಳಿಸುವಂಥದ್ದು. ಹದಿನಾಲ್ಕು ವರ್ಷದ ಏಸಿಗೆ ಕಂಪ್ರೆಸರ್ ಹಾಕಿಸುವುದೆಂದರೆ ಹಳೇ ಫಿಯೆಟ್ಟಿಗೆ ಹೊಸ ಎಂಜಿನ್ ಕೂರಿಸಿದಂತೆ. ನಾನು ಹೋದ ವರ್ಷ ಬದಲಾಯಿಸಿದೆ, ಬಿಲ್ಲು ಕಣ್ಣಿಗೆ ಕಾಣುವಷ್ಟು ಇಳಿಯಿತು. ಕಂಪನಿ ಹೆಸರು ಬೇಕಿದ್ದರೆ ಹೇಳುತ್ತೇನೆ.

ನಿರ್ವಾಹಕ | ಏಪ್ರಿಲ್ 6, ಬೆಳಿಗ್ಗೆ 7:15

ಕಂಪನಿ ಹೆಸರು ಬೇಡ ದಯವಿಟ್ಟು. ಹೋದ ವರ್ಷದ ಫ್ಯಾನ್ ಜಗಳ ಇನ್ನೂ ಮರೆತಿಲ್ಲ.

ಇಕ್ಕಳ, ಪುಣೆ | ಏಪ್ರಿಲ್ 6, ಬೆಳಿಗ್ಗೆ 8:30

ಸರ್, ನಾನು ಕಲಬುರಗಿಯವನು. ಇಪ್ಪತ್ತೆರಡು ವರ್ಷದಿಂದ ಪುಣೆಯಲ್ಲಿ ಏಸಿ ಮತ್ತು ವೈರಿಂಗ್ ಕೆಲಸ. ಯಾವುದನ್ನೂ ಕೊಳ್ಳುವ ಮೊದಲು ನಾಲ್ಕು ಮಾತು ಕೇಳಿ.

ಏಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲ್ ಅಲ್ಲ, ಓಡಿಸಿದಷ್ಟೂ ಖರ್ಚಾಗಲು. ತಾಮ್ರದ ಕೊಳವೆಯೊಳಗೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಯಿತು ಎಂದರೆ ಎಲ್ಲೋ ತೂತಿದೆ ಎಂದೇ ಅರ್ಥ. ತೂತು ಹುಡುಕದೆ ಮೂರು ವರ್ಷ ತುಂಬಿಸಿದವನು ನಿಮ್ಮ ದುಡ್ಡನ್ನು ಮಾಟುಂಗಾದ ಗಾಳಿಗೆ ಬಿಟ್ಟ, ಅಷ್ಟೇ. ಸರಿಯಾದ ಕ್ರಮ ಬೇರೆ. ಮೊದಲು ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದಾ ನೋಡಬೇಕು. ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಬರುತ್ತದೆ ಹುಡುಕಬೇಕು. ಬೆಸುಗೆ ಹಾಕಿ, ವ್ಯಾಕ್ಯೂಮ್ ಪಂಪ್ ಇಟ್ಟು ಒಳಗಿನ ಗಾಳಿ, ತೇವ ಎರಡನ್ನೂ ಎಳೆದು, ಆಮೇಲೆ ತಕ್ಕಡಿಯಲ್ಲಿ ತೂಗಿ ಗ್ಯಾಸ್ ತುಂಬಬೇಕು. ಎಷ್ಟು ಗ್ರಾಂ ಎಂದು ಯಂತ್ರದ ಮೇಲಿನ ಪಟ್ಟಿಯಲ್ಲೇ ಬರೆದಿರುತ್ತದೆ. ತಕ್ಕಡಿ ತರದ ಮೆಕ್ಯಾನಿಕ್ ಬಂದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸಿ.

ಆರ್-22 ಓಝೋನ್ ಪದರಕ್ಕೆ ಕೆಟ್ಟದ್ದು. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಂತ ಹಂತವಾಗಿ ನಿಲ್ಲಿಸುತ್ತಿದ್ದಾರೆ. ನಮ್ಮ ದೇಶದಲ್ಲಿ 2025ರ ಜನವರಿಯಿಂದ ಹೊಸ ಏಸಿಗಳನ್ನು ಆ ಗ್ಯಾಸಿನಲ್ಲಿ ತಯಾರಿಸುವಂತಿಲ್ಲ. ಹಳೆಯವುಗಳ ಸರ್ವೀಸಿಗೆ ಇನ್ನೂ ಸಿಗುತ್ತದೆ. ಯಾರಾದರೂ "ಇದಕ್ಕೇ ಆರ್-32 (ಹೊಸ ಏಸಿಗಳ ಗ್ಯಾಸ್) ತುಂಬಿಕೊಡುತ್ತೇನೆ" ಎಂದರೆ ಚಹಾ ಕುಡಿಸಿ ಸಾಗಹಾಕಿ. ಆರ್-32ರ ಒತ್ತಡ ಆರ್-22ರ ಒಂದೂವರೆ ಪಟ್ಟಿಗಿಂತ ಜಾಸ್ತಿ, ಕಂಪ್ರೆಸರಿನ ಎಣ್ಣೆಯೂ ಬೇರೆ, ಮೇಲಾಗಿ ಅದು ಸ್ವಲ್ಪ ಬೆಂಕಿ ಹತ್ತುವ ಗ್ಯಾಸ್. ಹಳೇ ಯಂತ್ರ ಅದಕ್ಕೆ ಹುಟ್ಟಿದ್ದಲ್ಲ.

ಈಗ ಕಂಪ್ರೆಸರ್ ವಿಷಯ. ಅದು ಗುಂಯ್ ಎಂದು ಎರಡು ಸೆಕೆಂಡ್ ಕೂಗಿ ಟಕ್ ಎಂದು ನಿಲ್ಲುತ್ತದಾ? ಹಾಗಿದ್ದರೆ ಕಂಪ್ರೆಸರ್ ಸತ್ತಿರಲಿಕ್ಕಿಲ್ಲ. ಕಂಪ್ರೆಸರ್ ಶುರುವಾಗಲು ತಳ್ಳು ಕೊಡುವ ಕೆಪಾಸಿಟರ್ ಹೋಗಿರಬಹುದು, ಅದು ಕೆಲವು ನೂರು ರೂಪಾಯಿಯ ಮಾತು. ಅಥವಾ ವೋಲ್ಟೇಜ್ ಸಾಲುತ್ತಿಲ್ಲ. ಏಸಿ ಶುರುವಾಗುವ ಹೊತ್ತಿಗೆ ಸಾಕೆಟ್ಟಿನಲ್ಲಿ ಮೀಟರ್ ಹಿಡಿದು ನೋಡಲು ಒಬ್ಬ ಎಲೆಕ್ಟ್ರಿಶಿಯನ್ನಿಗೆ ಹೇಳಿ. 230 ಇದ್ದದ್ದು ಧಡ್ ಎಂದು 200ರ ಕೆಳಗೆ ಇಳಿದರೆ ರೋಗ ಏಸಿಯದ್ದಲ್ಲ, ವೈರಿನದು. ಆ ವೈರಿಗೆ ಹೊಸ ಏಸಿ ಹಾಕಿದರೂ ರೋಗ ಅಲ್ಲೇ ಇರುತ್ತದೆ.

ಡೊಂಬಿವಲಿ ಫಾಸ್ಟ್ | ಏಪ್ರಿಲ್ 6, ಬೆಳಿಗ್ಗೆ 9:05

ಸ್ಟೆಬಿಲೈಸರ್ ಹಾಕಿದರೆ ಆಯ್ತಲ್ವಾ?

ಇಕ್ಕಳ, ಪುಣೆ | ಏಪ್ರಿಲ್ 6, ಬೆಳಿಗ್ಗೆ 9:20

ಇಲ್ಲ ಅಣ್ಣಾ. ಬೀದಿಯಿಂದಲೇ ಕಡಿಮೆ ಬರುತ್ತಿದ್ದರೆ ಸ್ಟೆಬಿಲೈಸರ್ ಸರಿ. ಮನೆಯ ವೈರಿನಲ್ಲೇ ಇಳಿಯುತ್ತಿದ್ದರೆ ಅದು ವೋಲ್ಟೇಜ್ ಏರಿಸಲು ಅದೇ ವೈರಿನಿಂದ ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ. ಕರೆಂಟ್ ಎರಡು ಪಟ್ಟಾದರೆ ವೈರಿನ ಬಿಸಿ ನಾಲ್ಕು ಪಟ್ಟು. ಸೋತ ಎತ್ತಿಗೆ ಇನ್ನೊಂದು ಮೂಟೆ ಹೇರಿದಂತೆ.

ಕೊನೇ ಮಾಳಿಗೆ, ಸಯನ್ | ಏಪ್ರಿಲ್ 6, ಮಧ್ಯಾಹ್ನ 1:10

ಎರಡನೇ ಮಾಳಿಗೆಯವರು ಪುಣ್ಯವಂತರು. ನಮ್ಮದು ಕೊನೆಯ ಮಾಳಿಗೆ, ಮೇಲೆ ತಾರಸಿ. ಮಧ್ಯಾಹ್ನ ಪೂರ್ತಿ ಕಾದ ಸ್ಲ್ಯಾಬ್ ರಾತ್ರಿ ಎರಡರವರೆಗೆ ಬಿಸಿ ಬಿಡುತ್ತಿತ್ತು. ಫ್ಯಾನ್ ಹಾಕಿದರೆ ಆ ಬಿಸಿಯನ್ನೇ ತಲೆಯ ಮೇಲೆ ಸುರಿದ ಹಾಗೆ. ಎರಡು ಟನ್ನಿನ ಏಸಿ ಹಾಕಿದೆವು, ಅದೂ ಏದುಸಿರು ಬಿಟ್ಟಿತು.

ಕೊನೆಗೆ ತಾರಸಿಗೆ ಹಳೇ ಕಾಲದ ಚೈನಾ ಮೊಸಾಯಿಕ್ ಹಾಕಿಸಿದೆವು. ಬಿಳಿ ಟೈಲ್ಸಿನ ಚೂರು, ಅಡಿಯಲ್ಲಿ ಇಟ್ಟಿಗೆ ಚೂರಿನ ಕೋಬಾ. ನೀರು ಸೋರುವುದನ್ನು ನಿಲ್ಲಿಸಲೆಂದು ಮಾಡಿಸಿದ್ದು, ಬೇಸಿಗೆಯಲ್ಲಿ ಸೂರು ಮುಟ್ಟಿದರೆ ಕೈ ಸುಡುವುದೂ ನಿಂತಿತು. ಒಂದೇ ಎಚ್ಚರಿಕೆ, ಕೋಬಾ ಭಾರ. ಹಳೇ ಸ್ಲ್ಯಾಬಿನ ಮೇಲೆ ಹಳೆಯದನ್ನು ಕೀಳದೆ ಅದರ ಮೇಲೇ ಇನ್ನೊಂದು ಪದರ ಹಾಕಲು ಬಿಡಬೇಡಿ. ಸ್ಟ್ರಕ್ಚರಲ್ ಇಂಜಿನಿಯರನ್ನು ಕೇಳಿಯೇ ಮಾಡಿಸಿ. ಭಾರ ಬೇಡ ಎಂದರೆ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಬಣ್ಣ ಸಿಗುತ್ತದೆ, ಆದರೆ ಮುಂಬಯಿಯ ಮಳೆ ಮತ್ತು ಪಾಚಿಗೆ ಆಗಾಗ ಮತ್ತೆ ಬಳಿಯಬೇಕು.

ಕಿಂಗ್ಸ್ ಸರ್ಕಲ್ ಹಿರಿಯ | ಏಪ್ರಿಲ್ 6, ಸಂಜೆ 5:45

ಮಗೂ, ನಿನ್ನ ಕಟ್ಟಡದಂಥದ್ದರಲ್ಲೇ ನಾನು ಹುಟ್ಟಿದ್ದು. ಒಂದು ಮಾತು ಹೇಳಲಾ?

1896ರಲ್ಲಿ ಈ ಊರಿಗೆ ಪ್ಲೇಗ್ ಬಂತು. ಗಾಳಿ ಬೆಳಕು ಇಲ್ಲದ ಗಲ್ಲಿಗಳಿಂದಲೇ ಜನ ಸಾಯುತ್ತಿದ್ದಾರೆ ಎಂದು 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿದರು. ದಾದರ್, ಮಾಟುಂಗಾ, ವಡಾಲಾ ಕಡೆಯ ಬಡಾವಣೆಗಳು ಆ ಟ್ರಸ್ಟಿನ ಕೆಲಸ. ಕಟ್ಟಡ ಕಟ್ಟಡದ ನಡುವೆ ಜಾಗ ಬಿಟ್ಟರು, ತೋಟ ಬಿಟ್ಟರು. ಗಾಳಿ ಆಡಲಿ ಎನ್ನುವುದೇ ಅದರ ಲೆಕ್ಕ. ಮಧ್ಯಾಹ್ನ ಸಮುದ್ರದ ಕಡೆಯಿಂದ ಗಾಳಿ ಏಳುತ್ತದೆ. ಪಶ್ಚಿಮದ ಬಾಲ್ಕನಿಯಿಂದ ಒಳಗೆ ಬಂದು, ಬಾಗಿಲ ಮೇಲಿನ ಕಿಂಡಿ ದಾಟಿ, ಹಿಂದಿನ ಅಡುಗೆಮನೆ ಕಿಟಕಿಯಿಂದ ಆಚೆ ಹೋಗಬೇಕು.

ನಿಮ್ಮ ಅಪ್ಪ ಬಾಲ್ಕನಿಗೆ ಗಾಜು ಹಾಕಿಸಿದ್ದು ತಪ್ಪು ಎನ್ನುವುದಿಲ್ಲ, ಆಗ ಎಲ್ಲರೂ ಹಾಕಿಸಿದರು, ನಾನೂ ಹಾಕಿಸಿದೆ. ಒಂದು ಕೋಣೆ ಹೆಚ್ಚಿಗೆ ಸಿಕ್ಕಿತಲ್ಲ! ಆದರೆ ಗಾಳಿ ಬರುವ ಬಾಯಿಗೇ ಗಾಜು ಬಡಿದದ್ದು. ಪಶ್ಚಿಮದ ಗಾಜು ಸಂಜೆ ಬಿಸಿಲಿಗೆ ಕಾಯುತ್ತದೆ ಬೇರೆ. ಅಮ್ಮನನ್ನು ಕೇಳು, ಮೊದಲು ಹೇಗಿತ್ತು ಅಂತ.

ಹಂಚಿನ ಮನೆ, ಮಡಗಾಂವ್ | ಏಪ್ರಿಲ್ 6, ರಾತ್ರಿ 9:15

ಹಿರಿಯರು ಹೇಳಿದ್ದು ಸರಿ. ಆದರೆ ಹಳೇ ಮನೆ ತಾನಾಗಿ ತಂಪು ಎನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕಾರವಾರದಿಂದ ಬಂದು ಗೋವಾದಲ್ಲಿ ಹಳೇ ಪೋರ್ಚುಗೀಸ್ ಕಾಲದ ಮನೆ ಬಾಡಿಗೆಗೆ ಹಿಡಿದು ಒಂಬತ್ತು ವರ್ಷ ಆಯಿತು. ಒಂದೂವರೆ ಅಡಿ ದಪ್ಪದ ಕೆಂಪುಕಲ್ಲಿನ ಗೋಡೆ, ಮೇಲೆ ಮಂಗಳೂರು ಹಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರಲ್ಲ, ಆ ಜಾತಿಯ ಹಂಚು ಈ ಕರಾವಳಿಯುದ್ದಕ್ಕೂ ಇದೆ. ನೋಡಲು ಚಂದ. ಫೋಟೋ ತೆಗೆಯಲು ಜನ ನಿಲ್ಲುತ್ತಾರೆ. ಅವರನ್ನು ಒಂದು ಮೇ ತಿಂಗಳ ರಾತ್ರಿ ಒಳಗೆ ಮಲಗಿಸಬೇಕು.

ಹಂಚಿನಡಿಯಲ್ಲಿ ಏಸಿ ಹಾಕುವುದು ತೂತಿನ ಕೊಡಕ್ಕೆ ನೀರು ಹೊತ್ತಂತೆ. ತಂಪೆಲ್ಲ ಸಂದಿಯಲ್ಲಿ ಹೊರಗೆ. ನಾವು ಒಂದೇ ಕೋಣೆಗೆ ಹಲಗೆಯ ಸೂರು ಮಾಡಿಸಿದೆವು. ಹಂಚಿಗೂ ಹಲಗೆಗೂ ನಡುವೆ ಗಾಳಿ ಆಡಲು ಜಾಗ ಬಿಟ್ಟೆವು, ಎರಡು ತುದಿಗೆ ಜಾಲರಿ. ಆ ಜಾಗ ಮುಚ್ಚಿದರೆ ಮಳೆಗಾಲದಲ್ಲಿ ಮರ ಕೊಳೆಯುತ್ತದೆ. ಒಂದು ಟನ್ ಸಾಕಾಯಿತು.

ಎರಡು ಸಂಗತಿ ನಾನು ದುಡ್ಡು ಕೊಟ್ಟು ಕಲಿತದ್ದು. ಕೆಂಪುಕಲ್ಲಿನಲ್ಲಿ ಬೋಲ್ಟ್ ನಿಲ್ಲುವುದಿಲ್ಲ. ಕಲ್ಲು ತೂತು ತೂತಾಗಿರುತ್ತದೆ, ಔಟ್‌ಡೋರ್ ಯೂನಿಟ್ಟಿನ ನಡುಕಕ್ಕೆ ಪುಡಿಯಾಗಿ ಬ್ರಾಕೆಟ್ ಸಡಿಲವಾಗುತ್ತದೆ. ನೆಲದ ಮೇಲೆ ಸಿಮೆಂಟ್ ಕಟ್ಟೆ ಮಾಡಿ ಅಲ್ಲಿ ಕೂರಿಸಿ. ಇನ್ನೊಂದು ಉಪ್ಪುಗಾಳಿ. ನಮ್ಮ ಮೊದಲ ಏಸಿಯ ಹೊರಗಿನ ಕಾಯಿಲಿನ ರೆಕ್ಕೆಗಳು ನಾಲ್ಕನೇ ವರ್ಷಕ್ಕೆ ಹಪ್ಪಳದಂತೆ ಪುಡಿಯಾದವು. ಈಗ ತಾಮ್ರದ ಕಾಯಿಲು, ಮೇಲೆ ಲೇಪ ಇರುವುದನ್ನೇ ತಂದೆ. ಸಮುದ್ರದ ಕಡೆ ಬಿಟ್ಟು ಮನೆಯ ಹಿಂದೆ ಇಟ್ಟೆ. ತಿಂಗಳಿಗೊಮ್ಮೆ ಸ್ವಿಚ್ ತೆಗೆದು ಬರೀ ಸಿಹಿನೀರಿನಿಂದ ತೊಳೆಯುತ್ತೇನೆ. ಒತ್ತಡದ ಪೈಪು ಬೇಡ, ರೆಕ್ಕೆ ಬಾಗುತ್ತದೆ. ಗಿಡಕ್ಕೆ ನೀರು ಹಾಕುವ ಹಾಗೆ ಹಾಕಿದರೆ ಸಾಕು.

ಗಾರ್ಡನ್ ಪಕ್ಕದವ, ಮಾಟುಂಗಾ | ಏಪ್ರಿಲ್ 9, ರಾತ್ರಿ 10:20

ಎಲ್ಲರಿಗೂ ಥ್ಯಾಂಕ್ಸ್. ಬೇರೆ ಎಲೆಕ್ಟ್ರಿಶಿಯನ್ ಒಬ್ಬರನ್ನು ಕರೆಸಿದೆ. ವಯಸ್ಸಾದವರು, ಮಾತು ಕಡಿಮೆ.

ಏಸಿ ಗುಂಯ್ ಎಂದು ಟಕ್ ಎನ್ನುತ್ತಿತ್ತು, ಹೌದು. ಕೆಪಾಸಿಟರ್ ತೆಗೆದರೆ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಬದಲಾಯಿಸಿದರು, ಕಂಪ್ರೆಸರ್ ಓಡಿತು! ಆದರೆ ಶುರುವಾಗುವಾಗ ಸಾಕೆಟ್ಟಿನಲ್ಲಿ ವೋಲ್ಟೇಜ್ 188. ಕೆಳಗೆ ಮೀಟರ್ ಹತ್ತಿರ ನೋಡಿದರೆ 231.

ಆಮೇಲೆ ಬೋರ್ಡು ಬಿಚ್ಚಿದರು. ಬಿಚ್ಚಬಾರದಿತ್ತು ಅನ್ನಿಸಿತು. ಒಳಗೆ ಅಲ್ಯೂಮಿನಿಯಂ ವೈರು. ಅದಕ್ಕೆ ಯಾರೋ ತಾಮ್ರದ ವೈರು ಸುತ್ತಿ ಟೇಪ್ ಹಾಕಿದ್ದಾರೆ. ಜಾಯಿಂಟ್ ಸುಟ್ಟು ಕಪ್ಪಾಗಿದೆ. ಮುಟ್ಟಿದರೆ ಮೇಲಿನ ರಬ್ಬರ್ ಬಿಸ್ಕತ್ತಿನಂತೆ ಉದುರುತ್ತದೆ. ಏಸಿ, ಗೀಸರ್ ಎರಡೂ ಒಂದೇ ವೈರಿನಲ್ಲಿವೆ. ಮೇಲೆ ಪಿಂಗಾಣಿ ಫ್ಯೂಸ್, ಅದರಲ್ಲಿ ನಾಲ್ಕು ಎಳೆ ತಾಮ್ರ. ಅಪ್ಪನದೇ ಕೈಕೆಲಸ ಇರಬೇಕು. ಫ್ಯೂಸ್ ಹೋದಾಗೆಲ್ಲ ಒಂದೊಂದು ಎಳೆ ಜಾಸ್ತಿ ಮಾಡುತ್ತಿದ್ದದ್ದು ನೆನಪಿದೆ.

ಮೂರನೇ ಪಿನ್ನಿನ ಹಸಿರು ವೈರು ಗೋಡೆಯೊಳಗೆ ಒಂದು ಗೇಣು ಹೋಗಿ ನಿಂತಿದೆ. ಅರ್ಥಿಂಗ್ ಅಲ್ಲಿಗೇ ಮುಗಿಯಿತು.

ಇಕ್ಕಳ, ಪುಣೆ | ಏಪ್ರಿಲ್ 9, ರಾತ್ರಿ 11:00

ದೇವರು ದೊಡ್ಡವನು. ಸರ್, ಇವತ್ತೇ ಏಸಿ, ಗೀಸರ್ ಎರಡನ್ನೂ ಬಂದ್ ಮಾಡಿ. ನಾಳೆ ಎನ್ನಬೇಡಿ.

ಲೆಕ್ಕ ನೋಡಿ. ಒಂದೂವರೆ ಟನ್ನಿನ ಹಳೇ ಏಸಿ ಸುಮಾರು 8 ಆಂಪಿಯರ್ ಎಳೆಯುತ್ತದೆ, ಶುರುವಾಗುವಾಗ ಅದರ ಎಷ್ಟೋ ಪಟ್ಟು. 2 ಕಿಲೋವ್ಯಾಟಿನ ಗೀಸರ್ ಇನ್ನೊಂದು 8.7. ಎರಡೂ ಒಟ್ಟಿಗೆ ಓಡಿದರೆ ಹದಿನೇಳರ ಹತ್ತಿರ. ಅಲ್ಯೂಮಿನಿಯಂ ಬಿಸಿಯಾದಾಗ ಹಿಗ್ಗಿ ತಣ್ಣಗಾದಾಗ ಕುಗ್ಗಿ ಸ್ಕ್ರೂವಿನಡಿ ಸಡಿಲವಾಗುತ್ತದೆ. ಮೇಲೆ ಕಿಲುಬು ಕಟ್ಟುತ್ತದೆ, ಅದರಲ್ಲಿ ಕರೆಂಟ್ ಸಲೀಸಾಗಿ ಹರಿಯುವುದಿಲ್ಲ. ತಾಮ್ರದ ಜೊತೆ ನೇರ ಸುತ್ತಿದರೆ ಇನ್ನೂ ಬೇಗ ಕೆಡುತ್ತದೆ. ಮರದ ಪಟ್ಟಿಯ ಮೇಲೆ ಕಾಯುತ್ತಿರುವ ಜಾಯಿಂಟ್. ಇಷ್ಟು ದಿನ ಏನೂ ಆಗಲಿಲ್ಲ ಎನ್ನುವುದೇ ಆಶ್ಚರ್ಯ.

ಹೀಗೆ ಮಾಡಿಸಿ. ಕೆಳಗಿನ ಮೀಟರಿನಿಂದ ಮನೆಯವರೆಗೆ ಬರುವ ಮೇನ್ ವೈರು ಮೊದಲು. ಅದು ತೆಳ್ಳಗಿದ್ದರೆ ಒಳಗೆ ಏನು ಮಾಡಿದರೂ ವ್ಯರ್ಥ. ಏಸಿಗೆ ಬೋರ್ಡಿನಿಂದ ನೇರ, ಬೇರೆ ಯಾವುದಕ್ಕೂ ಕವಲೊಡೆಯದ 4 ಚದರ ಮಿಲಿಮೀಟರ್ ತಾಮ್ರದ ವೈರು, 20 ಆಂಪಿಯರ್ ಎಮ್‌ಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್. ಗೀಸರಿಗೂ ಹಾಗೇ ಬೇರೆ. ಎಮ್‌ಸಿಬಿ ಬಿದ್ದಾಗ ದೊಡ್ಡದು ಹಾಕಿಸುವ ಚಾಳಿ ಬೇಡ. ಅದು ಕಾಯುವುದು ನಿಮ್ಮ ಏಸಿಯನ್ನಲ್ಲ, ವೈರನ್ನು. ಇಡೀ ಮನೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್. ಅರ್ಥಿಂಗನ್ನು ಕಟ್ಟಡದ ಅರ್ಥ್ ಪಿಟ್ಟಿನಿಂದಲೇ (ಅರ್ಥಿಂಗಿಗೆಂದು ನೆಲದಲ್ಲಿ ತೋಡಿದ ಗುಂಡಿ) ತರಬೇಕು. ನೀರಿನ ಪೈಪಿಗೆ ಕಟ್ಟಿಬಿಡುತ್ತೇನೆ ಎನ್ನುವವರಿದ್ದಾರೆ, ಒಪ್ಪಬೇಡಿ. ನಿಮ್ಮ ಕನೆಕ್ಷನ್ನಿನ ಮಂಜೂರಾದ ಲೋಡ್ ಎಷ್ಟು ಎಂದು ಬಿಲ್ಲಿನಲ್ಲಿ ನೋಡಿ. ಕಡಿಮೆಯಿದ್ದರೆ ನಿಮಗೆ ವಿದ್ಯುತ್ ಕೊಡುವ ಬೆಸ್ಟ್ ಕಚೇರಿಗೆ ಲೋಡ್ ಏರಿಸಲು ಅರ್ಜಿ ಕೊಡಿ.

ವಾಡೆಯ ಸೊಸೆ, ಪುಣೆ | ಏಪ್ರಿಲ್ 10, ಬೆಳಿಗ್ಗೆ 11:30

ಗೀಸರ್ ಮಾತು ಬಂತು, ಹಾಗಾಗಿ ಬರೆಯುತ್ತಿದ್ದೇನೆ. ನನ್ನ ತವರು ಬೆಳಗಾವಿ. ಕೊಟ್ಟದ್ದು ಪುಣೆಯ ಪೇಠೆಯ ಹಳೇ ವಾಡೆಗೆ, ಅಂದರೆ ಅಂಗಳದ ದೊಡ್ಡ ಮನೆಗೆ. ಕೆಳಗೆ ಕಲ್ಲು, ಮೇಲೆ ಇಟ್ಟಿಗೆ ಮತ್ತು ಮರ. ಬೇಸಿಗೆಗೆ ನಮಗೆ ಏಸಿ ಬೇಕೇ ಆಗಿಲ್ಲ. ಪುಣೆಯ ಏಪ್ರಿಲ್ ಒಣ ಬಿಸಿ, ಕೂಲರ್ ಚೆನ್ನಾಗಿ ನಡೆಯುತ್ತದೆ. ಮುಂಬಯಿ, ಗೋವಾದವರು ಕೂಲರಿಗೆ ದುಡ್ಡು ಹಾಕಬೇಡಿ. ಗಾಳಿಯಲ್ಲೇ ನೀರು ತುಂಬಿರುವಾಗ ಅದು ಇನ್ನಷ್ಟು ತೇವ ಊದುತ್ತದೆ, ಅಷ್ಟೇ. ನಾದಿನಿ ಠಾಣೆಗೆ ಒಯ್ದು ಈಗ ಅದರಲ್ಲಿ ಈರುಳ್ಳಿ ಇಟ್ಟಿದ್ದಾಳೆ.

ನಮ್ಮ ಕಷ್ಟ ಚಳಿಗಾಲದ್ದು. ಅತ್ತೆಯ ಕಾಲದಲ್ಲಿ ತಾಮ್ರದ ಬಂಬ ಇತ್ತು. ನಮ್ಮ ಕಡೆಯ ಹಂಡೆಯ ಹಾಗೇ, ನಡುವೆ ಕೆಂಡ ಹಾಕುವ ಕೊಳವೆ. ಅದು ಇದ್ದದ್ದು ಅಂಗಳದಲ್ಲಿ. ಆಮೇಲೆ ಗ್ಯಾಸ್ ಗೀಸರ್ ತಂದು ಬಚ್ಚಲೊಳಗೇ ಹಾಕಿದರು. ಬಚ್ಚಲಿಗೆ ಇದ್ದ ಒಂದು ಕಿಂಡಿಯನ್ನು ಚಳಿ ಎಂದು ರಟ್ಟು ಹಾಕಿ ಮುಚ್ಚಿದ್ದೆವು. ಒಂದು ದಿನ ಮಗಳು ಸ್ನಾನಕ್ಕೆ ಹೋದವಳು ಒಳಗೇ ಕುಸಿದಳು. ಬಾಗಿಲು ಒಡೆದು ಅಂಗಳಕ್ಕೆ ತಂದೆವು, ಗಾಳಿ ಸಿಕ್ಕ ಮೇಲೆ ಕಣ್ಣು ಬಿಟ್ಟಳು. ವಾಂತಿ, ತಲೆನೋವು. ಕಾರ್ಬನ್ ಮೊನಾಕ್ಸೈಡ್ ಎಂದರು ಡಾಕ್ಟರು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಗ್ಯಾಸ್ ಸೋರಿದ್ದಲ್ಲ, ಗಾಳಿ ಸಾಲದೆ ಉರಿ ಸರಿಯಾಗಿ ಉರಿಯದೆ ಹುಟ್ಟಿದ್ದು.

ಈಗ ಗೀಸರ್ ಬಚ್ಚಲ ಹೊರಗೆ ತೆರೆದ ಜಾಗದಲ್ಲಿದೆ, ಬಿಸಿನೀರು ಪೈಪಿನಲ್ಲಿ ಒಳಗೆ ಬರುತ್ತದೆ. ಉರಿ ನೀಲಿ ಬಿಟ್ಟು ಹಳದಿಯಾದರೆ ಅವತ್ತೇ ಬಂದ್ ಮಾಡಿ ಸರ್ವೀಸಿನವರನ್ನು ಕರೆಸುತ್ತೇನೆ. ಸಿಲಿಂಡರ್ ಬಿಟ್ಟು ಪೈಪ್ ಗ್ಯಾಸ್ ಬಂದಾಗ ಗೀಸರಿನ ನಾಝಲ್ ಕೂಡ ಬದಲಾಯಿಸಬೇಕು, ಅದನ್ನು ಯಾರೂ ಹೇಳುವುದಿಲ್ಲ. ಹಳೇ ಮನೆಯ ಕಿಂಡಿ ಮುಚ್ಚುವ ಮೊದಲು ಅದು ಯಾಕಿದೆ ಎಂದು ಕೇಳಿ ಅಣ್ಣಂದಿರೇ.

ಕಿಂಗ್ಸ್ ಸರ್ಕಲ್ ಹಿರಿಯ | ಏಪ್ರಿಲ್ 10, ಮಧ್ಯಾಹ್ನ 12:05

ಓದಿ ಮೈ ಜುಮ್ಮೆಂದಿತು ತಾಯಿ. ಮಗಳು ಈಗ ಚೆನ್ನಾಗಿದ್ದಾಳಾ?

ವಾಡೆಯ ಸೊಸೆ, ಪುಣೆ | ಏಪ್ರಿಲ್ 10, ಮಧ್ಯಾಹ್ನ 12:40

ಚೆನ್ನಾಗಿದ್ದಾಳೆ ಕಾಕಾ. ಇಂಜಿನಿಯರಿಂಗ್ ಎರಡನೇ ವರ್ಷ. ಸ್ನಾನಕ್ಕೆ ಹೋದರೆ ಇವತ್ತಿಗೂ ನಾನು ಹೊರಗಿನಿಂದ ಕೂಗುತ್ತೇನೆ, ಅವಳಿಗೆ ಕೋಪ.

ಗಾರ್ಡನ್ ಪಕ್ಕದವ, ಮಾಟುಂಗಾ | ಏಪ್ರಿಲ್ 19, ರಾತ್ರಿ 9:50

ಒಂದು ವಾರ ಮನೆ ಯುದ್ಧಭೂಮಿ. ವೈರಿಂಗ್ ಮುಗಿಯಿತು. ಮನೆ ಮಾಲೀಕರಿಗೆ ಕಾಗದ ಬರೆದು ಒಪ್ಪಿಗೆ ತೆಗೆದುಕೊಂಡೆ. ಗೋಡೆ ಅಗೆಯಲಿಲ್ಲ, ಮೇಲಿಂದಲೇ ಪಿವಿಸಿ ಪಟ್ಟಿಯಲ್ಲಿ ಹಾಕಿಸಿದೆ. ಚಂದ ಇಲ್ಲ, ಆದರೆ ನಾಳೆ ಕಟ್ಟಡ ಕೆಡವಿದರೆ ತಾಮ್ರ ಬಿಚ್ಚಿಕೊಂಡು ಹೋಗಬಹುದು. ಪಗಡಿ ಮನೆಯವರ ಬುದ್ಧಿಯೇ ಹೀಗೆ.

ಈಗ ಹೊಸ ತಲೆನೋವು. ಆರ್‌ಸಿಸಿಬಿ ದಿನಕ್ಕೆ ನಾಲ್ಕು ಸಲ ಬೀಳುತ್ತಿದೆ. ಮನೆಯೆಲ್ಲ ಕತ್ತಲು. ಎಲೆಕ್ಟ್ರಿಶಿಯನ್ನಿನ ಜೊತೆ ಬಂದಿದ್ದ ಹುಡುಗ "ಹಳೇ ಮನೆಗಳಲ್ಲಿ ಇದು ನಿಲ್ಲಲ್ಲ, ತೆಗೆದುಬಿಡೋಣ" ಎನ್ನುತ್ತಿದ್ದಾನೆ. ತೆಗೆಸಲಾ?

ಇಕ್ಕಳ, ಪುಣೆ | ಏಪ್ರಿಲ್ 19, ರಾತ್ರಿ 10:05

ತೆಗೆಸಬೇಡಿ! ನಾಯಿ ಬೊಗಳುತ್ತಿದೆ ಎಂದು ನಾಯಿಯನ್ನು ಓಡಿಸಿದ ಹಾಗಾಗುತ್ತದೆ.

ಹೋದ ಕರೆಂಟ್ ಪೂರ್ತಿ ವಾಪಸ್ ಬರುತ್ತಿಲ್ಲ, ಎಲ್ಲೋ ಸೋರುತ್ತಿದೆ ಎಂದು ಅದು ಹೇಳುತ್ತಿದೆ. ಕಾರಣ ಸಾಮಾನ್ಯವಾಗಿ ಎರಡು. ಒಂದು, ಹಳೇ ವೈರಿನ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರು) ಎಲ್ಲೋ ಬೇರೆ ಲೈನಿಗೆ ಸೇರಿಕೊಂಡಿದೆ. ಎರಡು, ಯಾವುದೋ ಒಂದು ಸಾಮಾನು ಸೋರುತ್ತಿದೆ. ಎಲ್ಲ ಪ್ಲಗ್ ಕಿತ್ತು, ಎಲ್ಲ ಎಮ್‌ಸಿಬಿ ಇಳಿಸಿ, ಒಂದೊಂದಾಗಿ ಏರಿಸುತ್ತಾ ಹೋಗಿ. ಯಾವುದಕ್ಕೆ ಬೀಳುತ್ತದೋ ಅದೇ ಕಳ್ಳ.

ಗಾರ್ಡನ್ ಪಕ್ಕದವ, ಮಾಟುಂಗಾ | ಏಪ್ರಿಲ್ 20, ಬೆಳಿಗ್ಗೆ 8:15

ಗೀಸರ್.

ಪ್ಲಗ್ ಕಿತ್ತರೆ ಎಷ್ಟು ಹೊತ್ತಾದರೂ ಬೀಳುವುದಿಲ್ಲ. ಹಾಕಿ ನೀರು ಕಾಯಲು ಬಿಟ್ಟರೆ ಐದು ನಿಮಿಷಕ್ಕೆ ಢಪ್. ಎಲೆಕ್ಟ್ರಿಶಿಯನ್ ಎಲಿಮೆಂಟ್ ಬಿಚ್ಚಿದರು. ಮೇಲೆ ಸುಣ್ಣದ ಹಾಗೆ ದಪ್ಪ ಪದರ, ತಾಮ್ರದ ಹೊದಿಕೆ ಒಂದು ಕಡೆ ಬಿರಿದಿದೆ. ಟ್ಯಾಂಕು ತುಕ್ಕು ಹಿಡಿಯದಿರಲಿ ಎಂದು ಒಳಗೆ ಒಂದು ಮೆಗ್ನೀಷಿಯಂ ಕಡ್ಡಿ ಇರುತ್ತದಂತೆ, ಟ್ಯಾಂಕಿನ ಬದಲು ತಾನು ಸವೆಯುವುದಕ್ಕೆ. ನಮ್ಮದರಲ್ಲಿ ಅದು ಪೂರ್ತಿ ಸವೆದು ಬರೀ ತಂತಿ ಉಳಿದಿತ್ತು. ಎರಡು ಮೂರು ವರ್ಷಕ್ಕೊಮ್ಮೆ ನೋಡಬೇಕಿತ್ತು ಎಂದರು. ನಾವು ಒಂಬತ್ತು ವರ್ಷ ಬಿಚ್ಚೇ ಇರಲಿಲ್ಲ.

ಅಮ್ಮ ಪಕ್ಕದಲ್ಲಿ ನಿಂತು ಎಲ್ಲ ಕೇಳಿ, "ನಾನು ಎರಡು ವರ್ಷದಿಂದ ಹೇಳ್ತಾ ಇದ್ದೆ, ನಲ್ಲಿ ಮುಟ್ಟಿದ್ರೆ ಕೈ ಜುಮ್ ಅನ್ನತ್ತೆ ಅಂತ" ಎಂದರು.

ಹೇಳಿದ್ದು ನಿಜ. ನಾನು ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಬಿ-12 ಮಾತ್ರೆ ಕೊಟ್ಟಿದ್ದರು. ಇನ್ನೂ ನುಂಗುತ್ತಿದ್ದಾರೆ.

ಇಕ್ಕಳ, ಪುಣೆ | ಏಪ್ರಿಲ್ 20, ಬೆಳಿಗ್ಗೆ 8:40

ಸರ್, ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಆ ಕರೆಂಟಿಗೆ ಹೋಗಲು ಬೇರೆ ದಾರಿ ಇರಲಿಲ್ಲ. ಆ ಗೀಸರ್ ಹೋಗಲಿ ಬಿಡಿ, ಎಲಿಮೆಂಟ್ ಹಾಕಿಸಬೇಡಿ, ಟ್ಯಾಂಕು ಹೋಗಿರುತ್ತದೆ.

ಹಂಚಿನ ಮನೆ, ಮಡಗಾಂವ್ | ಏಪ್ರಿಲ್ 20, ಬೆಳಿಗ್ಗೆ 9:30

ನಮ್ಮ ಮನೆಯಲ್ಲೂ ಇವತ್ತೇ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿದೆ. ಬೀಳಲಿಲ್ಲ. ಎಲೆಕ್ಟ್ರಿಶಿಯನ್ನಿಗೆ ಫೋನ್ ಮಾಡಿದ್ದೇನೆ. ಎಲ್ಲರೂ ಒಮ್ಮೆ ಒತ್ತಿ ನೋಡಿ ಮಾರಾಯರೇ.

ಡೊಂಬಿವಲಿ ಫಾಸ್ಟ್ | ಏಪ್ರಿಲ್ 20, ಬೆಳಿಗ್ಗೆ 10:10

ನಮ್ಮದು ಬಿತ್ತು. ಹೆಂಡತಿಯ ಮೀಟಿಂಗೂ ಬಿತ್ತು. ಈಗ ನನ್ನ ಸರದಿ.

ಗಾರ್ಡನ್ ಪಕ್ಕದವ, ಮಾಟುಂಗಾ | ಮೇ 3, ರಾತ್ರಿ 10:30

ಕೊನೆಗೆ ಏನು ಮಾಡಿದೆ ಎಂದು ಕೇಳಿದವರಿಗೆ.

ಹೊಸ ಕಿಟಕಿ ಏಸಿಯನ್ನೇ ತಂದೆ, ಸ್ಪ್ಲಿಟ್ ಅಲ್ಲ. ಹೊರಗೋಡೆಯ ಪ್ಲಾಸ್ಟರ್ ತಟ್ಟಿದರೆ ಪೊಳ್ಳು ಸದ್ದು, ಅಲ್ಲಿ ಬ್ರಾಕೆಟ್ ಹಾಕಿ ಕೆಳಗೆ ಓಡಾಡುವವರ ತಲೆಯ ಮೇಲೆ ಯೂನಿಟ್ ತೂಗುಹಾಕಲು ಧೈರ್ಯ ಬರಲಿಲ್ಲ. ಕಿಟಕಿಯ ತೇಗದ ಚೌಕಟ್ಟು ಗಟ್ಟಿಯಿದೆ, ಅಡಿಗೆ ಕಬ್ಬಿಣದ ಆನಿಕೆ ಕೊಡಿಸಿದೆ. ಒಂದು ಟನ್ನಿನದು, ಇನ್ವರ್ಟರ್, ಆರ್-32. ಕೋಣೆ ಹತ್ತಕ್ಕೆ ಹನ್ನೆರಡು, ಮೇಲೆ ಇನ್ನೊಂದು ಮಾಳಿಗೆ ಇರುವುದರಿಂದ ಸೂರು ಕಾಯುವುದಿಲ್ಲ. ದೊಡ್ಡ ಏಸಿ ಬೇಗ ತಣ್ಣಗೆ ಮಾಡಿ ನಿಂತುಬಿಡುತ್ತದೆ, ಗಾಳಿಯ ತೇವ ತೆಗೆಯಲು ಹೊತ್ತೇ ಸಿಗುವುದಿಲ್ಲ. ಮುಂಬಯಿಯಲ್ಲಿ ಅರ್ಧ ಸಂಕಟ ತೇವದ್ದೇ ಅಲ್ವಾ. ಬಾಗಿಲ ಮೇಲಿನ ಕಿಂಡಿಗೆ ಮಡಚುವ ಹಲಗೆ ಮಾಡಿಸಿದೆ. ಏಸಿ ಹಾಕಿದಾಗ ಮುಚ್ಚು, ಇಲ್ಲದಿದ್ದರೆ ತೆರೆ. ಫ್ಯಾನ್ ಕೂಡ ಬದಲಾಯಿಸಿದೆ. ಹಳೆಯದು 75 ವ್ಯಾಟ್, ಹೊಸದು ಕಡಿಮೆ ಕರೆಂಟಿನ ಬಿಎಲ್‌ಡಿಸಿ ಮೋಟಾರಿನದು, 30ರ ಹತ್ತಿರ. ಏಸಿ 26ರಲ್ಲಿಟ್ಟು ಫ್ಯಾನ್ ನಿಧಾನ ತಿರುಗಿಸಿದರೆ ಸಾಕಾಗುತ್ತದೆ.

ರೀಡೆವಲಪ್‌ಮೆಂಟ್? ಹದಿಮೂರನೇ ವರ್ಷ ಶುರು.

ಆದರೆ ತಮಾಷೆ ಕೇಳಿ. ಕಿಂಗ್ಸ್ ಸರ್ಕಲ್ ಹಿರಿಯರು ಹೇಳಿದರಲ್ಲ, ಅಮ್ಮನನ್ನು ಕೇಳು ಅಂತ. ಕೇಳಿದೆ. "ಬಾಲ್ಕನಿ ತೆರೆದಿದ್ದಾಗ ಅಲ್ಲೇ ಚಾಪೆ ಹಾಕಿ ಮಲಗುತ್ತಿದ್ದೆವು, ಬೆಳಗಿನ ಜಾವ ಹೊದಿಕೆ ಬೇಕಾಗ್ತಿತ್ತು" ಎಂದರು. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಆದರೂ ಮೊನ್ನೆ ಮೂರು ಗಾಜಿನ ಪೈಕಿ ಒಂದನ್ನು ಸರಿಸಿ ನೋಡಿದೆ. ಹಳಿಯಲ್ಲಿ ಮೂವತ್ತು ವರ್ಷದ ಧೂಳು, ಅರ್ಧಕ್ಕೆ ಸಿಕ್ಕಿಕೊಂಡಿತು. ಆ ಅರ್ಧದಿಂದಲೇ ಸಂಜೆ ಐದಕ್ಕೆ ಕ್ಯಾಲೆಂಡರ್ ಪಟಪಟ ಹೊಡೆದುಕೊಂಡಿತು. ಅಮ್ಮ ಕುರ್ಚಿಯನ್ನು ಅಲ್ಲಿಗೆ ಎಳೆದುಕೊಂಡರು. ಏಸಿ ಕೋಣೆಗೆ ರಾತ್ರಿ ಹನ್ನೊಂದಕ್ಕೆ ಮುಂಚೆ ಬರುವುದೇ ಇಲ್ಲ.

ಭಾನುವಾರ ಮೂರೂ ಗಾಜು ಫ್ರೇಮ್ ಸಮೇತ ತೆಗೆಸುತ್ತಿದ್ದೇನೆ. ಪಾರಿವಾಳಕ್ಕೆ ಬಲೆ, ಮಳೆಗೆ ಸುತ್ತುವ ತಟ್ಟು. ಸ್ಕ್ರೂಗಳೆಲ್ಲ ತುಕ್ಕು ಹಿಡಿದಿವೆ, ಕೊರೆಸಬೇಕೇನೋ.

ಇಕ್ಕಳ, ಪುಣೆ | ಮೇ 3, ರಾತ್ರಿ 10:50

ಹಳೇ ಏಸಿಯನ್ನು ಭಂಗಾರ್‌ನವನಿಗೆ ಹಾಗೇ ಕೊಡಬೇಡಿ ಸರ್, ಅವನು ಪೈಪ್ ಕತ್ತರಿಸಿ ಗ್ಯಾಸ್ ಬಿಟ್ಟುಬಿಡುತ್ತಾನೆ. ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಳ್ಳುವ ಯಂತ್ರ ಇರುವವರನ್ನು ಕರೆಸಿ.

ಕಿಂಗ್ಸ್ ಸರ್ಕಲ್ ಹಿರಿಯ | ಮೇ 4, ಬೆಳಿಗ್ಗೆ 6:20

ಸ್ಕ್ರೂ ಕೊರೆಸಬೇಡ ಮಗೂ. ಶನಿವಾರ ರಾತ್ರಿಯೇ ಒಂದೊಂದಕ್ಕೂ ನಾಲ್ಕು ಹನಿ ಸೀಮೆಎಣ್ಣೆ ಬಿಟ್ಟಿಡು, ಬೆಳಿಗ್ಗೆ ತಾನೇ ಬರುತ್ತದೆ. ಸೀಮೆಎಣ್ಣೆ ಈಗ ಸಿಗದಿದ್ದರೆ ನಮ್ಮ ಮನೆಯಲ್ಲಿ ಅರ್ಧ ಬಾಟಲಿ ಇದೆ, ಯಾರನ್ನಾದರೂ ಕಳಿಸು.